ಕಂದು ಹಾಕಿದ ಆಕಳು, ಬಿಳಿ ಹೆಂಚಿನ ಮೇಲಿನ ನಾಲ್ಕು ನಿಮಿಷ

ಗಬ್ಬದ ಆಕಳು ಏಳನೇ ತಿಂಗಳಲ್ಲಿ ಕಂದು ಹಾಕಿತು (ಗರ್ಭಪಾತವಾಯಿತು) ಅಂದರೆ ನಮ್ಮ ಮುಧೋಳ ಕಡೆ ಕಾರಣಗಳಿಗೆ ಬರವಿಲ್ಲ. ಯಾರದೋ ದೃಷ್ಟಿ ತಾಗಿದೆ ಅಂತಾರೆ. ಪಕ್ಕದ ಎಮ್ಮೆ ಹಾಯ್ದಿರಬೇಕು ಅಂತಾರೆ. ಬಿಸಿಲಿಗೆ ಹೀಗಾಯಿತು, ಜಾರಿ ಬಿದ್ದಿರಬೇಕು, ಕಬ್ಬಿನ ಸೋಗೆ ಜಾಸ್ತಿ ತಿಂದಿರಬೇಕು ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ರಕ್ತ ತೆಗೆಸಿ ನೋಡೋಣ ಅನ್ನುವವರು ಮಾತ್ರ ಕಡಿಮೆ. ನಮ್ಮ ಗಂಗಿ ಕಂದು ಹಾಕಿದಾಗ ನಾವು ರಕ್ತ ತೆಗೆಸಿದೆವು. ಆಮೇಲೆ ಏನೇನು ನಡೆಯಿತು ಅಂತ ಹೈನು ಮಾಡುವ ಮನೆಯವರು ಈಗಲೂ ಕೇಳುತ್ತಾರೆ. ಬಾಯಲ್ಲಿ ಹೇಳಿದರೆ ಅರ್ಧ ಬಿಟ್ಟುಹೋಗುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನಮ್ಮದು ಘಟಪ್ರಭಾ ದಂಡೆಯ ಊರು. ಕಬ್ಬು ಮುಖ್ಯ, ಹೈನು ಉಪಕಸುಬು ಅಂತ ಲೆಕ್ಕ. ಆದರೆ ಕಿರಾಣಿ ಸಾಮಾನು, ಮಕ್ಕಳ ಫೀ, ಔಷಧ ಎಲ್ಲ ನಡೆಯುವುದು ಹಾಲಿನ ಬಿಲ್ಲಿನಲ್ಲೇ. ಆಗ ಕೊಟ್ಟಿಗೆಯಲ್ಲಿ ಮೂರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಶಿಯನ್) ಮಿಶ್ರತಳಿ ಆಕಳು, ಒಂದು ಜವಾರಿ ಆಕಳು, ಒಂದು ಮುರ್ರಾ ಎಮ್ಮೆ, ಒಂದು ಮಣಕ (ಇನ್ನೂ ಈಯದ ಎಳೆ ಆಕಳು), ಎರಡು ಎಳೆಗರು ಇದ್ದವು. ಗಂಗಿ ಎಚ್‌ಎಫ್‌ಗಳಲ್ಲಿ ದೊಡ್ಡದು. ಹಿಂದಿನ ವರ್ಷ ಸಂತೆಯಲ್ಲಿ ಕೊಂಡು ತಂದದ್ದು.

ಬೆಳಗ್ಗೆ ಹಿಂಡಲು ಹೋದಾಗ ಕಂದು ಕೆಳಗೆ ಬಿದ್ದಿತ್ತು. ಮಾಸು ಅರ್ಧ ಹೊರಗೆ ಜೋತಾಡುತ್ತಿತ್ತು. ನಮ್ಮ ಅತ್ತೆ ಸೆರಗು ಸಿಕ್ಕಿಸಿಕೊಂಡು ಎತ್ತಲು ಮುಂದಾದರು. ಅಷ್ಟರಲ್ಲಿ ನಾನು ಪಶು ಆಸ್ಪತ್ರೆಯ ಡಾಕ್ಟರಿಗೆ ಫೋನ್ ಹಚ್ಚಿದ್ದೆ. ಅವರು ಮೊದಲು ಹೇಳಿದ್ದು ಔಷಧದ ಮಾತಲ್ಲ.

"ಅಕ್ಕಾರ, ಯಾರೂ ಬರೇ ಕೈಲೇ ಮುಟ್ಟಬ್ಯಾಡ್ರಿ. ನಾಯಿ ಒಳಗ ಬರದಂಗ ನೋಡ್ಕೋರಿ. ಹುಡುಗರನ್ನ, ಬಸುರಿದ್ದವರನ್ನ ಆ ಕಡಿ ಬಿಡಬ್ಯಾಡ್ರಿ. ನಾ ಬರ್ತೀನಿ."

"ಇಷ್ಟು ವರ್ಷ ನಾವು ಕೈಲೇ ತಗದೀವಿ, ಏನಾಗೇತಿ?" ಅಂತ ಅತ್ತೆ ಗೊಣಗಿದರು. ಆದರೂ ಹಿಂದೆ ಸರಿದರು.

ಡಾಕ್ಟರು ಬಂದವರೇ ಮೊಣಕೈ ಮೀರುವ ಉದ್ದ ಗ್ಲೌಸ್ ಹಾಕಿಕೊಂಡರು, ಮಾಸ್ಕ್ ಕಟ್ಟಿಕೊಂಡರು. ಕಂದು, ಮಾಸು, ಅದರ ಜೊತೆ ಹರಿಯುವ ನೀರು, ಇವುಗಳಲ್ಲೇ ರೋಗಾಣು ಅತಿ ಹೆಚ್ಚು ಇರುತ್ತದೆ ಎಂದು ಹೇಳುತ್ತಲೇ ಕೆಲಸ ಮಾಡಿದರು. ಆಕಳಿನ ಮಾಸಿನಲ್ಲಿ ಎರಿತ್ರಿಟಾಲ್ ಎಂಬ ಸಕ್ಕರೆ ಜಾತಿಯ ಪದಾರ್ಥ ಇರುತ್ತದಂತೆ. ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾಕ್ಕೆ ಅದು ಒಳ್ಳೆ ಮೇವು. ಗಬ್ಬ ಬಲಿತಷ್ಟೂ ಅದಕ್ಕೆ ಅಲ್ಲಿ ಬೆಳೆಯಲು ಅನುಕೂಲ. ಹಾಗಾಗಿಯೇ ಈ ರೋಗದಲ್ಲಿ ಆಕಳು ಮೊದಲ ತಿಂಗಳುಗಳಲ್ಲಿ ಅಲ್ಲ, ಐದು ತಿಂಗಳು ದಾಟಿದ ಮೇಲೆ ಕಂದು ಹಾಕುವುದು ಜಾಸ್ತಿ. ನಮ್ಮಲ್ಲಿ ಕಂದು ರೋಗ ಅಂತ ಕರೆಯುವುದು ಇದನ್ನೇ.

ಕಂದಿನ ಹೊಟ್ಟೆಯೊಳಗಿನ ದ್ರವವನ್ನು ಸಿರಿಂಜಿನಲ್ಲಿ ಎಳೆದು ಒಂದು ಬಾಟಲಿಗೆ ಹಾಕಿಟ್ಟುಕೊಂಡರು. ಅದು ಪಿಸಿಆರ್ ಪರೀಕ್ಷೆಗೆ, ಅಂದರೆ ರೋಗಾಣುವಿನ ಡಿಎನ್‌ಎ ಇದೆಯಾ ಅಂತ ಹುಡುಕುವುದಕ್ಕೆ. ಉಳಿದದ್ದನ್ನು ಹೊಲದ ಬದುವಿನಲ್ಲಿ ಆಳವಾದ ಗುಂಡಿ ತೋಡಿಸಿ, ಸುಣ್ಣ ಸುರಿದು, ಹೂಳಿಸಿದರು. ನಮ್ಮ ಊರುಗಳಲ್ಲಿ ಎಷ್ಟೋ ಮಂದಿ ಕಂದನ್ನು ಕಾಲುವೆಗೋ ತಿಪ್ಪೆಗೋ ಎಸೆಯುತ್ತಾರೆ. ನಾಯಿ ಅದನ್ನು ಇನ್ನೊಬ್ಬರ ಮೇವಿನ ಬಣವೆ ತನಕ ಎಳೆದೊಯ್ಯುತ್ತದೆ. ತಂಪು, ತೇವ, ನೆರಳು ಇದ್ದ ಕಡೆ ಈ ರೋಗಾಣು ತಿಂಗಳುಗಟ್ಟಲೆ ಬದುಕಿರುತ್ತದೆ. ಬಿಸಿಲಿಗೆ ಬೇಗ ಸಾಯುತ್ತದೆ. ಕೊಟ್ಟಿಗೆಯ ಹಾಸು ಎತ್ತಿಸಿ, ನೆಲಕ್ಕೆ ಬ್ಲೀಚಿಂಗ್ ಪುಡಿ ಹಾಕಿಸಿದ್ದು ಅದಕ್ಕೇ. ಮಾಸನ್ನು ಕೈಯಿಂದ ಎಳೆಯಬಾರದು ಅಂತ ಖಡಾಖಂಡಿತವಾಗಿ ಹೇಳಿ, ಗಂಗಿಗೆ ಬೇಕಾದ ಔಷಧ ಕೊಟ್ಟರು.

ಆಮೇಲೆ ರಕ್ತದ ಕೆಲಸ ಶುರುವಾಯಿತು. ಗಂಗಿ ಒಂದರದ್ದು ಸಾಕಲ್ವಾ ಅಂತ ನಮ್ಮವರು ಕೇಳಿದರು. ಒಂದೇ ಗೋದಲಿಯಲ್ಲಿ ಮೇಯುವ ಎಲ್ಲವುಗಳದ್ದೂ ಬೇಕು ಅಂದರು ಡಾಕ್ಟರು. ಎಳೆಗರುಗಳನ್ನು ಮಾತ್ರ ಬಿಟ್ಟರು. ಕುತ್ತಿಗೆಯ ಪಕ್ಕದ ರಕ್ತನಾಳವನ್ನು ಹೆಬ್ಬೆರಳಿಂದ ಒತ್ತಿ ಹಿಡಿದರೆ ಅದು ಉಬ್ಬುತ್ತದೆ. ಅಲ್ಲಿ ಸೂಜಿ ಚುಚ್ಚಿ, ಕೆಂಪು ಮುಚ್ಚಳದ ಟ್ಯೂಬಿಗೆ ರಕ್ತ ತೆಗೆದುಕೊಂಡರು. ಪ್ರತಿ ಟ್ಯೂಬಿನ ಮೇಲೂ ಕಿವಿಯೋಲೆಯ 12 ಅಂಕಿಯ ಸಂಖ್ಯೆ ಬರೆಸಿದರು. ಹೆಸರು ಸಾಲದು, ಗಂಗಿ ಅಂತ ಊರಲ್ಲಿ ಇನ್ನೂ ಎಷ್ಟು ಆಕಳಿವೆಯೋ. ನಂಬರು ನಾನು ಓದಿ ಹೇಳುತ್ತಿದ್ದೆ, ನನ್ನ ಮಗಳು ಬರೆಯುತ್ತಿದ್ದಳು. ಟ್ಯೂಬನ್ನು ಅಲುಗಾಡಿಸಬಾರದು. ಅಲುಗಾಡಿಸಿದರೆ ರಕ್ತಕಣ ಒಡೆದು ಮೇಲಿನ ನೀರೂ ಕೆಂಪಾಗಿಬಿಡುತ್ತದೆ. ಆಗ ಪರೀಕ್ಷೆಗೆ ಬರುವುದಿಲ್ಲ. ಟ್ಯೂಬುಗಳನ್ನು ಓರೆಯಾಗಿ ನೆರಳಲ್ಲಿಟ್ಟರು. ರಕ್ತ ಹೆಪ್ಪುಗಟ್ಟಿ ಕೆಳಗೆ ಕೂತು, ಮೇಲೆ ತಿಳಿ ಹಳದಿ ನೀರು ನಿಂತಿತು. ಅದೇ ಸೀರಂ. ಪರೀಕ್ಷೆ ಆಗುವುದು ಅದರ ಮೇಲೆ.

ಐಸ್ ಪೆಟ್ಟಿಗೆಯಿಂದ ಅವರು ಒಂದು ಚಿಕ್ಕ ಸೀಸೆ ಹೊರಗೆ ತೆಗೆದರು. ಒಳಗೆ ಗಾಢ ಗುಲಾಬಿ ಬಣ್ಣದ ದ್ರವ. ರೋಸ್ ಬೆಂಗಾಲ್ ಎಂಬ ಬಣ್ಣ ಹಚ್ಚಿದ, ಸತ್ತ ಬ್ರುಸೆಲ್ಲಾ ರೋಗಾಣುಗಳು ಅದರಲ್ಲಿರುತ್ತವೆ. ಅದನ್ನು ಆಂಟಿಜೆನ್ ಅನ್ನುತ್ತಾರೆ. ಫ್ರಿಜ್ಜಿನ ತಂಪಿನಲ್ಲೇ ಇಡಬೇಕು, ಆದರೆ ಬಳಸುವ ಮೊದಲು ಹೊರಗಿನ ಬಿಸಿಗೆ ಬರಲು ಬಿಡಬೇಕು. ತಂಪಿದ್ದಾಗಲೇ ಹಾಕಿದರೆ ಫಲಿತಾಂಶ ಕೆಡುತ್ತದೆ. ಅವಸರ ಮಾಡದೆ ಅವರು ಕಾದದ್ದು ನನಗೆ ಹಿಡಿಸಿತು.

ಜಗಲಿಯ ಮೇಲೆ ಬಿಳಿ ಹೆಂಚು ಇಟ್ಟರು. ಅದರ ಮೇಲೆ ಒಂದೊಂದು ಆಕಳ ಸೀರಂ ಒಂದು ಹನಿ, ಪಕ್ಕದಲ್ಲಿ ಅಷ್ಟೇ ಆಂಟಿಜೆನ್ ಒಂದು ಹನಿ. ಹನಿ ಅಂದರೆ ಕಣ್ಣಂದಾಜಿನದಲ್ಲ, ಅಳತೆಯ ಪಿಪೆಟ್ಟಿನಿಂದ 30 ಮೈಕ್ರೋಲೀಟರ್. ಸಾಲಿನ ತುದಿಗೆ ಇನ್ನೂ ಎರಡು ಜಾಗದಲ್ಲಿ ಬೇರೆ ಸೀರಂ ಹಾಕಿದರು. ಒಂದು ರೋಗ ಇದೆ ಅಂತ ಮೊದಲೇ ಗೊತ್ತಿರುವ ಆಕಳದ್ದು, ಇನ್ನೊಂದು ರೋಗ ಇಲ್ಲ ಅಂತ ಗೊತ್ತಿರುವುದರದ್ದು. ಮೊದಲನೆಯದು ಗಂಟು ಕಟ್ಟಬೇಕು, ಎರಡನೆಯದು ಕಟ್ಟಬಾರದು. ಇವೆರಡು ಸರಿಯಾಗಿ ಬಂದರೆ ಮಾತ್ರ ನಮ್ಮ ಆಕಳುಗಳ ಫಲಿತಾಂಶ ನಂಬಬಹುದು. ಇದನ್ನು ಬಿಟ್ಟು ಸುಮ್ನೆ ಒಂದು ಹನಿ ಹಾಕಿ ಹೇಳಿಬಿಡುವವರೂ ಇರಬಹುದು. ಯಾರಾದರೂ ನಿಮ್ಮ ಮನೆಗೆ ಬಂದು ಈ ಪರೀಕ್ಷೆ ಮಾಡಿದರೆ, ಆ ಎರಡು ಹನಿ ಎಲ್ಲಿ ಅಂತ ಕೇಳಿ. ಕೇಳುವ ಹಕ್ಕು ನಮಗಿದೆ.

ಕಡ್ಡಿಯಿಂದ ಎರಡೂ ಹನಿ ಕಲಸಿ, ಹೆಂಚನ್ನು ಎತ್ತಿ ಮೆಲ್ಲಗೆ ಈ ಕಡೆ ಆ ಕಡೆ ಓಲಾಡಿಸಿದರು. ಮೊಬೈಲಿನಲ್ಲಿ ನಾಲ್ಕು ನಿಮಿಷದ ಟೈಮರ್. ಮೊದಮೊದಲು ಎಲ್ಲ ವೃತ್ತಗಳೂ ಒಂದೇ ಬಣ್ಣ. ಆಮೇಲೆ ಗಂಗಿಯ ವೃತ್ತದ ಅಂಚು ತಿಳಿಯಾಗುತ್ತ ಬಂತು. ಒಳಗೆ ಗುಲಾಬಿ ಕಣಗಳು ಒಂದಕ್ಕೊಂದು ಅಂಟಿಕೊಂಡವು. ಟೈಮರ್ ಕೂಗುವ ಹೊತ್ತಿಗೆ ಅದು ಒಡೆದ ಹಾಲಿನ ಹಾಗೆ ಕಾಣುತ್ತಿತ್ತು. ಯಾರಿಗೂ ವಿವರಿಸುವ ಅಗತ್ಯವೇ ಇರಲಿಲ್ಲ. ಅತ್ತೆ ನೋಡಿ, "ಇದ ಬ್ಯಾರೇ ಐತಲ್ಲೋ" ಅಂದರು. ಜವಾರಿ ಆಕಳು, ಉಳಿದೆರಡು ಎಚ್‌ಎಫ್, ಇವುಗಳ ವೃತ್ತ ನುಣ್ಣಗೆ ಒಂದೇ ಸಮ ಉಳಿದವು. ಎಮ್ಮೆಯ ಸೀರಂ ಸ್ವಲ್ಪ ಕೆಂಪಾಗಿತ್ತು, ಅದನ್ನು ಇನ್ನೊಮ್ಮೆ ತೆಗೆಯಬೇಕು ಅಂದರು. ಮಣಕದ ವೃತ್ತದಲ್ಲಿ ಮಾತ್ರ ಸಣ್ಣ ಸಣ್ಣ ರವೆ ಕಂಡಿತು. ನನ್ನ ಎದೆ ಧಸಕ್ಕೆಂದಿತು. ಮನೆಯಲ್ಲೇ ಹುಟ್ಟಿ ಬೆಳೆದ ಮಣಕ ಅದು.

"ಇದಕ್ಕ ಲಸಿಕೆ ಆಗೇತೇನ್ರಿ?" ಅಂತ ಡಾಕ್ಟರು ಕೇಳಿದರು. ಆಗಿತ್ತು. ಐದು ತಿಂಗಳ ಕರು ಇದ್ದಾಗ ಹಾಕಿಸಿದ್ದೆವು. ಅವರು ಕಿವಿಯೋಲೆ ಸಂಖ್ಯೆ ಹಾಕಿ ಮೊಬೈಲಿನಲ್ಲಿ ನೋಡಿ ಖಾತ್ರಿ ಮಾಡಿಕೊಂಡರು. ಆಮೇಲೆ ಕೂತು ವಿವರಿಸಿದರು. ಈ ಪರೀಕ್ಷೆ ರೋಗಾಣುವನ್ನು ಹುಡುಕುವುದಿಲ್ಲ. ರೋಗಾಣುವಿನ ವಿರುದ್ಧ ಮೈ ತಯಾರಿಸಿದ ಪ್ರತಿಕಾಯವನ್ನು ಹುಡುಕುತ್ತದೆ. ಲಸಿಕೆಯಲ್ಲಿ ಇರುವುದೂ ಬ್ರುಸೆಲ್ಲಾದ್ದೇ ಒಂದು ಸೌಮ್ಯ ತಳಿ, ಸ್ಟ್ರೇನ್ 19 ಅಂತ ಅದರ ಹೆಸರು. ಲಸಿಕೆ ಹಾಕಿದ ಕರುವಿನ ಮೈಯಲ್ಲೂ ಪ್ರತಿಕಾಯ ಬರುತ್ತದೆ, ಕೆಲವು ಕಾಲ ಉಳಿಯುತ್ತದೆ. ಹೆಂಚಿನ ಮೇಲಿನ ಹನಿಗೆ ಇದು ಲಸಿಕೆಯದ್ದೋ ರೋಗದ್ದೋ ಅಂತ ತಿಳಿಯುವುದಿಲ್ಲ. ತಿಳಿಸಬೇಕಾದವರು ನಾವು. ಲಸಿಕೆ ಯಾವಾಗ ಹಾಕಿಸಿದೆವು ಎಂಬ ದಾಖಲೆ ಇಲ್ಲದಿದ್ದರೆ ಆ ಮಣಕವನ್ನೂ ರೋಗದ್ದು ಅಂತಲೇ ಎಣಿಸಬೇಕಾಗುತ್ತಿತ್ತು. ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂತ ಬರೆದುಕೊಂಡರು.

ಅವರ ಹತ್ತಿರ ಇನ್ನೊಂದು ಬಗೆಯ ಕಿಟ್ ಕೂಡ ಇತ್ತು. ಕೋವಿಡ್ ಕಾಲದಲ್ಲಿ ನಾವೆಲ್ಲ ನೋಡಿದ ಮಾದರಿಯದೇ. ಬೆಳ್ಳಿ ಬಣ್ಣದ ಪೊಟ್ಟಣ ಹರಿದರೆ ಒಳಗೆ ಪ್ಲಾಸ್ಟಿಕ್ ಪಟ್ಟಿ. ಅದರ ಕುಳಿಗೆ ಸೀರಂ ಹನಿ ಹಾಕಿ, ಜೊತೆಗೆ ಕೊಟ್ಟ ದ್ರಾವಣ ಹಾಕಬೇಕು. ನಿಯಂತ್ರಣ ಗೆರೆ ಬಂದೇ ಬರಬೇಕು, ಬರದಿದ್ದರೆ ಆ ಪಟ್ಟಿ ಕೆಟ್ಟಿದೆ ಅಂತ. ಎರಡನೇ ಗೆರೆ ಮಸುಕಾಗಿ ಬಂದರೂ ಬಂದಂತೆಯೇ ಲೆಕ್ಕ. ಗಂಗಿಯದಕ್ಕೆ ಎರಡೂ ಗೆರೆ ಬಂದವು. ಐಸ್ ಪೆಟ್ಟಿಗೆ ಹೊತ್ತು ತಿರುಗಲಾಗದ ಕಡೆ, ಕುರಿಗಾರರ ಹಟ್ಟಿಗಳಿಗೆ ಹೋದಾಗ, ಇದು ಅನುಕೂಲ ಅಂದರು. ಖರ್ಚು ಮಾತ್ರ ಹೆಂಚಿನ ಪರೀಕ್ಷೆಗಿಂತ ಜಾಸ್ತಿ.

ಇಷ್ಟೆಲ್ಲ ಆದ ಮೇಲೂ ಡಾಕ್ಟರು ಗಂಗಿಗೆ ರೋಗ ಇದೆ ಅಂತ ಬರೆದುಕೊಡಲಿಲ್ಲ. "ಸಂಶಯ ಗಟ್ಟಿ ಐತ್ರಿ. ಎಲೈಜಾ ಮಾಡಿಸಿ ಖಾತ್ರಿ ಮಾಡ್ಕೊಳ್ಳೋಣು. ಆದ್ರ ಬ್ಯಾರೆ ಕಟ್ಟೂದು ಇವತ್ತ ಕಟ್ರಿ" ಅಂದರು. ಎಲೈಜಾ ಅಂದರೆ ಸೀರಂನಲ್ಲಿರುವ ಪ್ರತಿಕಾಯವನ್ನು ಲ್ಯಾಬಿನಲ್ಲಿ ಅಳೆದು ನೋಡುವ ಪರೀಕ್ಷೆ. ತ್ವರಿತ ಪರೀಕ್ಷೆಯ ನಿಜವಾದ ಉಪಯೋಗ ನನಗೆ ಅರ್ಥವಾದದ್ದು ಈ ಮಾತಿನಿಂದ. ಕೊನೆಯ ತೀರ್ಪು ಕೊಡುವುದು ಅದರ ಕೆಲಸವಲ್ಲ. ವರದಿ ಬರುವ ತನಕ ಕಾಯದೆ ಅದೇ ದಿನ ಏನು ಮಾಡಬೇಕು ಅಂತ ಅದು ಹೇಳಿಕೊಡುತ್ತದೆ. ಬೇರೆ ಕೆಲವು ಬ್ಯಾಕ್ಟೀರಿಯಾಗಳ ಪ್ರತಿಕಾಯಕ್ಕೂ, ಉದಾಹರಣೆಗೆ ಯೆರ್ಸಿನಿಯಾ ಎಂಬುದರ ಒಂದು ಬಗೆಗೆ, ಈ ಗುಲಾಬಿ ಆಂಟಿಜೆನ್ ಮೋಸ ಹೋಗುವುದುಂಟು. ಹಾಗೆಯೇ ಸೋಂಕು ತಗುಲಿ ಇನ್ನೂ ಸ್ವಲ್ಪ ದಿನವಾಗಿದ್ದರೆ, ಅಥವಾ ಕಂದು ಹಾಕಿದ ಆಸುಪಾಸಿನಲ್ಲೇ ತೆಗೆದ ರಕ್ತವಾಗಿದ್ದರೆ, ರೋಗ ಇದ್ದೂ ವೃತ್ತ ನುಣ್ಣಗೆ ಉಳಿಯಬಹುದು. ಗಂಗಿಯದು ನುಣ್ಣಗೆ ಬಂದಿದ್ದರೂ ಮೂರು ವಾರ ಬಿಟ್ಟು ಮತ್ತೆ ತೆಗೆಯುತ್ತಿದ್ದೆ ಅಂದರು.

ಎಲ್ಲ ಸೀರಂಗಳನ್ನೂ ಐಸ್ ಹಾಕಿ ದೂರದ ಒಂದು ಪ್ರಯೋಗಾಲಯಕ್ಕೆ ಕಳಿಸಿದರು. ಎಲೈಜಾ ಪರೀಕ್ಷೆಯೇನು ಕೆಲವು ತಾಸಿನದು. 96 ಗುಳಿಗಳ ಪ್ಲೇಟಿನಲ್ಲಿ ಎಷ್ಟೋ ಆಕಳುಗಳ ಸೀರಂ ಒಟ್ಟಿಗೆ ನೋಡುತ್ತಾರೆ, ಬಣ್ಣ ಎಷ್ಟು ಬಂತು ಅಂತ ಯಂತ್ರವೇ ಅಳೆಯುತ್ತದೆ. ಬೆಂಗಳೂರಿನ ಯಲಹಂಕದಲ್ಲಿ ನಿವೇದಿ ಅಂತ ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಮಂಡಳಿ) ಸಂಸ್ಥೆ ಇದೆ, ಈ ರೋಗಕ್ಕೆ ಎಲೈಜಾ ಕಿಟ್ ಅವರೇ ರೂಪಿಸಿದ್ದಾರೆ. ವಿದ್ಯೆ ನಮ್ಮ ರಾಜ್ಯದಲ್ಲೇ ಇದೆ. ಆದರೆ ನಮ್ಮ ವರದಿ ಬರಲು ತೀರ ತಡವಾಯಿತು. ಫೋನ್ ಮಾಡಿದಾಗೆಲ್ಲ ಸ್ಯಾಂಪಲ್ ಸರದಿಯಲ್ಲಿದೆ ಅಂತ ಉತ್ತರ. ಪರೀಕ್ಷೆ ತಾಸುಗಳಲ್ಲಿ ಮುಗಿಯುತ್ತದೆ, ಕಾಗದ ಮಾತ್ರ ವಾರಗಟ್ಟಲೆ ಬರುವುದಿಲ್ಲ ಅಂದರೆ ರೈತರು ಏನು ಮಾಡಬೇಕು? ಆ ನಡುವಿನ ದಿನಗಳಲ್ಲೇ ಆಕಳು ಕೈಬದಲಾಗುವುದು. ನಮ್ಮ ಮನೆಗೂ ದಲ್ಲಾಳಿ ಬಂದಿದ್ದ. "ಅಕ್ಕಾ, ಹೊರಗ ಗೊತ್ತಾಗೂದ್ರಾಗ ಕೊಟ್ಟಬಿಡ್ರಿ, ಗಬ್ಬ ಕಟ್ಟಿಸಿ ಮಾರ್ತೀನಿ" ಅಂದ. ಬೆಲೆಯೂ ಕೆಟ್ಟದ್ದೇನಲ್ಲ. ನಮ್ಮವರು ಒಂದು ಕ್ಷಣ ನನ್ನ ಮುಖ ನೋಡಿದರು. ನಾನು ಬೇಡ ಅಂದೆ. ಗಂಗಿ ನಮ್ಮ ಮನೆಗೆ ಬಂದದ್ದೂ ಹೀಗೇ ಇರಬಹುದಲ್ವಾ? ಯಾರದೋ ಕೊಟ್ಟಿಗೆಯಲ್ಲಿ ಕಂದು ಹಾಕಿ, ಸಂತೆ ಕಂಡು, ನಮ್ಮ ಗೋದಲಿಗೆ.

ಗಂಗಿಯನ್ನು ತೋಟದ ಶೆಡ್ಡಿಗೆ ಕಟ್ಟಿದೆವು. ನೀರಿನ ಬಕೆಟ್, ಹಿಂಡಿಯ ಬುಟ್ಟಿ, ಕಸಬರಿಗೆ ಎಲ್ಲ ಬೇರೆ. ಕೊನೆಗೆ ಅದರ ಕೆಲಸ ಮುಗಿಸಿ ಸೋಪಿನಲ್ಲಿ ಕೈಕಾಲು ತೊಳೆದುಕೊಂಡು ಬರುವುದು. ಅದರ ಹಾಲು ಡೈರಿಗೆ ಹಾಕಲಿಲ್ಲ, ಮನೆಗೂ ಬಳಸಲಿಲ್ಲ.

ಹಾಲಿನ ವಿಷಯ ಬಂದದ್ದಕ್ಕೆ ಇನ್ನೊಂದು ಪರೀಕ್ಷೆ ಹೇಳಬೇಕು. ಮಿಲ್ಕ್ ರಿಂಗ್ ಟೆಸ್ಟ್ ಅಂತ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಮಾಡಿದ್ದನ್ನು ನಾನು ನಿಂತು ನೋಡಿದೆ. ಕಾಯಿಸದ ಒಂದು ಮಿಲಿ ಹಾಲಿಗೆ ನೀಲಿ ಬಣ್ಣದ ಆಂಟಿಜೆನ್ ಒಂದು ಹನಿ ಹಾಕಿ ಕಲಸಿ, 37 ಡಿಗ್ರಿ ಬಿಸಿಯಲ್ಲಿ ಒಂದು ತಾಸು ಇಡುತ್ತಾರೆ. ಹಾಲಿನಲ್ಲಿ ಪ್ರತಿಕಾಯ ಇದ್ದರೆ ನೀಲಿ ಕಣಗಳು ಅದಕ್ಕೆ ಅಂಟಿ ಕೆನೆಯ ಜೊತೆ ಮೇಲೇರುತ್ತವೆ. ಕೆಳಗೆ ಹಾಲು ಬೆಳ್ಳಗೆ, ಮೇಲೆ ನೀಲಿ ಉಂಗುರ. ಪ್ರತಿಕಾಯ ಇಲ್ಲದಿದ್ದರೆ ಹಾಲೆಲ್ಲ ತಿಳಿ ನೀಲಿ, ಕೆನೆ ಮಾತ್ರ ಬಿಳಿ. ಸೂಜಿ ಬೇಡ, ರಕ್ತ ಬೇಡ. ಹಾಲು ಕೂಡಿಸುವ ಕಡೆ ಊರಿನ ಹಾಲನ್ನೇ ಆಗಾಗ ಹೀಗೆ ನೋಡಬಹುದು.

ನಮ್ಮ ಇನ್ನೊಂದು ಎಚ್‌ಎಫ್‌ನ ಹಾಲಿನಲ್ಲಿ ಮಸುಕು ಉಂಗುರ ಬಂತು. ರಕ್ತದಲ್ಲಿ ಏನೂ ಇರಲಿಲ್ಲವಲ್ಲ? ಡಾಕ್ಟರು ಮನೆಗೆ ಬಂದು ಕೆಚ್ಚಲು ಮುಟ್ಟಿ ನೋಡಿದರು. ನಾಲ್ಕು ಗುಳಿ ಇರುವ ಬಿಳಿ ಪ್ಲಾಸ್ಟಿಕ್ ತಟ್ಟೆ ತೆಗೆದು, ಒಂದೊಂದು ಮೊಲೆಯ ಹಾಲು ಒಂದೊಂದು ಗುಳಿಗೆ ಹಿಂಡಿಸಿದರು. ಅಷ್ಟೇ ಪ್ರಮಾಣದ ನೇರಳೆ ದ್ರಾವಣ ಸುರಿದು ತಟ್ಟೆಯನ್ನು ಸುತ್ತಿಸಿದರು. ಕೆಲವೇ ಸೆಕೆಂಡು. ಮೂರು ಗುಳಿಯಲ್ಲಿ ಹಾಲು ನೀರಾಗಿಯೇ ಓಡಾಡಿತು. ಹಿಂದಿನ ಎಡ ಮೊಲೆಯದ್ದು ಲೋಳೆ ಕಟ್ಟಿ ತಟ್ಟೆಯ ತಳಕ್ಕೆ ಹತ್ತಿಕೊಂಡಿತು. ಇದು ಕ್ಯಾಲಿಫೋರ್ನಿಯಾ ಮ್ಯಾಸ್ಟೈಟಿಸ್ ಟೆಸ್ಟ್, 1957ರಿಂದ ಬಳಕೆಯಲ್ಲಿದೆ. ಕೆಚ್ಚಲಿಗೆ ಸೋಂಕಾದಾಗ ಹಾಲಿಗೆ ಇಳಿಯುವ ಜೀವಕೋಶಗಳನ್ನು ಆ ದ್ರಾವಣ ಒಡೆಯುತ್ತದೆ, ಲೋಳೆ ಅದರಿಂದ. ಹೊರಗೆ ಬಾವು ಇರಲಿಲ್ಲ, ಹಾಲಿನಲ್ಲಿ ಗಡ್ಡೆ ಇರಲಿಲ್ಲ, ಡೈರಿಯಲ್ಲಿ ಫ್ಯಾಟ್ ಕೂಡ ಸರಿ ಬರುತ್ತಿತ್ತು. ಒಳಗೇ ಕೆಚ್ಚಲು ಬಾವು ನಡೆದಿತ್ತು. ಕೆಚ್ಚಲು ಬಾವು ಇದ್ದರೆ, ಈದ ಹೊಸದರಲ್ಲಿ ಗಿಣ್ಣದ ಹಾಲಾಗಿದ್ದರೆ, ಉಂಗುರ ಸುಳ್ಳೇ ಬರುವುದುಂಟು. ಒಂದು ಪರೀಕ್ಷೆಯ ಗೊಂದಲವನ್ನು ಇನ್ನೊಂದು ಪರೀಕ್ಷೆ ಬಿಡಿಸಿತು.

ಇಲ್ಲೂ ಕೂಡಲೇ ಸೂಜಿ ಮದ್ದು ಬೇಡ ಅಂದರು. ಮೊಲೆತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಮೊದಲ ಧಾರೆ ಚೆಲ್ಲಿ, ಸ್ವಚ್ಛ ಟ್ಯೂಬಿಗೆ ಹಾಲು ಹಿಡಿದು ಲ್ಯಾಬಿಗೆ ಕಳಿಸಿದರು. ಅಲ್ಲಿ ರೋಗಾಣುವನ್ನು ಬೆಳೆಸಿ, ಯಾವ ಆಂಟಿಬಯಾಟಿಕ್ಕಿಗೆ ಸಾಯುತ್ತದೆ ಅಂತ ನೋಡುತ್ತಾರೆ. ಅದಕ್ಕೆ ಎರಡು ಮೂರು ದಿನ ಬೇಕು. ನಮ್ಮದರಲ್ಲಿ ಸ್ಟ್ಯಾಫಿಲೋಕಾಕಸ್ ಬಂತು. ಊರಲ್ಲಿ ಎಲ್ಲರೂ ಕೇಳಿ ತಂದು ಹಾಕಿಸುವ ಔಷಧಕ್ಕೆ ಅದು ಬಗ್ಗಲಿಲ್ಲ, ಇನ್ನೊಂದಕ್ಕೆ ಬಗ್ಗಿತು. ಮೆಡಿಕಲ್ ಅಂಗಡಿಯಲ್ಲಿ ನಿಂತು ಹೆಸರು ಹೇಳಿ ಔಷಧ ತರುವುದು ನಮ್ಮ ಕಡೆ ಬಹಳ. ಅದರಿಂದ ಹಣವೂ ಹೋಗುತ್ತದೆ, ಮೊಲೆಯೂ ಹೋಗುತ್ತದೆ, ಔಷಧಕ್ಕೆ ಬಗ್ಗದ ರೋಗಾಣು ಉಳಿದುಕೊಳ್ಳುತ್ತದೆ. ಚಿಕಿತ್ಸೆ ನಡೆದಾಗ ಮತ್ತು ಆಮೇಲೆ ಡಾಕ್ಟರು ಹೇಳಿದಷ್ಟು ದಿನ ಆ ಹಾಲು ಡೈರಿಗೆ ಹೋಗಲಿಲ್ಲ.

ಕಂದು ರೋಗಕ್ಕೆ ಮಾತ್ರ ಆಕಳಿಗೆ ಔಷಧ ಕೊಡುವುದಿಲ್ಲ. ರೋಗಾಣು ಜೀವಕೋಶದ ಒಳಗೇ ಅಡಗಿರುತ್ತದೆ, ಪೂರ್ತಿ ಹೋಗುತ್ತದೆ ಅಂತ ಹೇಳಲಾಗದು. ಒಮ್ಮೆ ಕಂದು ಹಾಕಿದ ಆಕಳು ಮುಂದಿನ ಸಲ ತಿಂಗಳು ತುಂಬಿ ಈಯಬಹುದು. ಜನ ವಾಸಿಯಾಯಿತು ಅಂದುಕೊಳ್ಳುತ್ತಾರೆ. ಆದರೆ ಈಯುವಾಗ, ಹಾಲಿನಲ್ಲಿ, ರೋಗಾಣು ಹೊರಬರುತ್ತಲೇ ಇರುತ್ತದೆ.

ಈಗ ಮನೆ ಮಂದಿಯ ವಿಷಯ. ನಮ್ಮ ಮೈದುನ ಗರಡಿ ಮನೆಗೆ ಹೋಗುವವನು. ಹಿಂಡಿದ ಕೂಡಲೇ ನೊರೆ ಹಾಲು ಕುಡಿಯುವುದು ಅವನ ರೂಢಿ. ನಮ್ಮ ಭಾಗದ ಪೈಲ್ವಾನರಲ್ಲಿ ಅದು ಹಿಂದಿನಿಂದ ಬಂದದ್ದು. ಆರೇಳು ತಿಂಗಳಿಂದ ಅವನಿಗೆ ಸಂಜೆ ಆದರೆ ಜ್ವರ, ರಾತ್ರಿ ಬೆವರು, ಸೊಂಟ ನೋವು. ಒಂದು ದವಾಖಾನೆಯಲ್ಲಿ ಟೈಫಾಯಿಡ್ ಅಂತ ಔಷಧ ಕೊಟ್ಟಿದ್ದರು. ಕಡಿಮೆಯಾಗುತ್ತಿತ್ತು, ಮತ್ತೆ ಬರುತ್ತಿತ್ತು. ದನ ಸಾಕಿದ್ದೀರಾ, ಹಸಿ ಹಾಲು ಕುಡಿಯುತ್ತೀರಾ ಅಂತ ಅಲ್ಲಿ ಯಾರೂ ಕೇಳಿರಲಿಲ್ಲ. ಗಂಗಿಯ ಫಲಿತಾಂಶ ಬಂದ ಸಂಜೆ ಪಶು ಡಾಕ್ಟರೇ, "ಮನ್ಯಾಗ ಯಾರಿಗರೆ ಬಿಟ್ಟು ಬಿಟ್ಟು ಜ್ವರ ಬರ್ತಾವೇನು?" ಅಂತ ಕೇಳಿದರು. ಆ ಒಂದು ಪ್ರಶ್ನೆಗೆ ನಾನು ಅವರಿಗೆ ಋಣಿ.

ಬೇರೆ ಆಸ್ಪತ್ರೆಗೆ ಕರೆದೊಯ್ದು, ಮನೆಯಲ್ಲಿ ಆಕಳು ಕಂದು ಹಾಕಿದೆ, ಬ್ರುಸೆಲ್ಲಾ ಸಂಶಯ ಇದೆ ಅಂತ ನಾವೇ ಬಾಯಿಬಿಟ್ಟು ಹೇಳಿದೆವು. ಅವನ ರಕ್ತದಲ್ಲಿ ಬಂತು. ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಎರಡೂ ಸೇರಿ ಆರು ವಾರ ನುಂಗಬೇಕು. ಜ್ವರ ಬೇಗನೇ ಬಿಟ್ಟಿತು. ಆಗಲೇ ನಿಲ್ಲಿಸೋಣ ಅಂದ. ಅತ್ತೆ ಬಿಡಲಿಲ್ಲ. ದಿನಾ ಎದುರಿಗೆ ಕೂತು ನುಂಗಿಸಿದರು. ಉಳಿದವರೆಲ್ಲ ಪರೀಕ್ಷೆ ಮಾಡಿಸಿಕೊಂಡೆವು. ಯಾರಲ್ಲೂ ಇರಲಿಲ್ಲ. ನಮ್ಮಲ್ಲಿ ಹಾಲು ಕುದಿಸದೆ ಯಾರೂ ಕುಡಿಯುವುದಿಲ್ಲ, ಅವನೊಬ್ಬನ ಹೊರತು. ಕುದಿಸಿದ ಹಾಲಲ್ಲಿ ಈ ರೋಗಾಣು ಉಳಿಯುವುದಿಲ್ಲ.

ಆಮೇಲೆ ಓದಿ ತಿಳಿದದ್ದು: ಈ ರೋಗಾಣುವನ್ನು ಮೊದಲು ಕಂಡದ್ದೇ ಮನುಷ್ಯರಲ್ಲಿ. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಸೈನಿಕರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನೆಯ ಡಾಕ್ಟರು ಗುರುತಿಸಿದರು, ಹೆಸರು ಬಂದದ್ದು ಅವರಿಂದ. ಅಲ್ಲಿ ಆಡಿನ ಹಸಿ ಹಾಲಿನಿಂದ ಬರುತ್ತದೆ ಅಂತ ಗೊತ್ತಾಗಲು 1905ರ ತನಕ ಕಾಯಬೇಕಾಯಿತು. ಅದನ್ನು ಕಂಡುಹಿಡಿದದ್ದು ಮಾಲ್ಟಾದವರೇ ಆದ ಝಮ್ಮಿತ್ ಎಂಬ ಡಾಕ್ಟರು. ಆಕಳು ಕಂದು ಹಾಕುವುದಕ್ಕೂ ಇಂಥದೇ ರೋಗಾಣು ಕಾರಣ ಅಂತ ಡೆನ್ಮಾರ್ಕಿನ ಬಾಂಗ್ 1897ರಲ್ಲಿ ತೋರಿಸಿದ್ದರು. ಇಷ್ಟು ಹಳೆಯ ವಿಷಯ ನಮ್ಮ ಗರಡಿ ಮನೆಗಳಿಗೆ ಇನ್ನೂ ತಲುಪಿಲ್ಲ ಅನ್ನುವುದು ನನಗೆ ಸಂಕಟದ ಮಾತು. ಈಗ ಮೈದುನನೇ ಅಲ್ಲಿ ಹುಡುಗರಿಗೆ ಹಾಲು ಕುದಿಸಿ ಕುಡಿಯಲು ಹೇಳುತ್ತಾನೆ.

ಎಲೈಜಾ ವರದಿ ಕೊನೆಗೂ ಬಂತು. ಗಂಗಿಗೆ ರೋಗ ಖಾತ್ರಿ. ಕಂದಿನ ಹೊಟ್ಟೆಯ ದ್ರವದ ಪಿಸಿಆರ್ ಕೂಡ ಅದನ್ನೇ ಹೇಳಿತು. ಎಷ್ಟೋ ದೇಶಗಳು ಪರೀಕ್ಷೆ ಮಾಡಿ, ರೋಗದ ದನಗಳನ್ನು ಕಡಿದು, ಈ ರೋಗವನ್ನು ಹೊರಹಾಕಿವೆ. ನಮ್ಮ ರಾಜ್ಯದಲ್ಲಿ 2020ರ ಕಾಯ್ದೆಯ ಪ್ರಕಾರ ಆಕಳನ್ನು ಕಡಿಯುವಂತಿಲ್ಲ. ಅಂಟುರೋಗ ಅಂತ ಅಧಿಕೃತ ಪಶುವೈದ್ಯರು ಪ್ರಮಾಣೀಕರಿಸಿದರೆ ಅದರಲ್ಲಿ ವಿನಾಯಿತಿ ಇದೆ, ಆದರೆ ನಮ್ಮ ಮನೆಯಲ್ಲಿ ಅದಕ್ಕೆ ಯಾರಿಗೂ ಮನಸ್ಸಿಲ್ಲ. ಹಾಗಾದರೆ ರೋಗ ಇದೆ ಅಂತ ಗೊತ್ತಾದ ಆಕಳನ್ನು ಸಾಕುವ ಖರ್ಚು ಯಾರು ಹೊರಬೇಕು? ಸದ್ಯ ನಾವೇ ಹೊರುತ್ತಿದ್ದೇವೆ. ಗಂಗಿಗೆ ಗಬ್ಬ ಕಟ್ಟಿಸುವುದಿಲ್ಲ ಅಂತ ತೀರ್ಮಾನ ಮಾಡಿದ್ದೇವೆ. ಎಲ್ಲ ಮನೆಗೂ ಇದು ಸಾಧ್ಯವಿಲ್ಲ ಅಂತ ನನಗೆ ಗೊತ್ತು. ಒಂದೇ ಆಕಳ ಮೇಲೆ ಸಂಸಾರ ಇರುವವರು ಪರೀಕ್ಷೆಗೆ ಹೆದರುವುದು ಇದಕ್ಕೇ. ಪರೀಕ್ಷೆಯ ಜೊತೆಗೆ ಪರಿಹಾರವೂ ಬಂದರೆ ಜನ ತಾವಾಗಿಯೇ ಆಕಳು ಹಿಡಿದುಕೊಂಡು ಬರುತ್ತಾರೆ.

ಒಂದು ತಿಂಗಳು ಬಿಟ್ಟು ಉಳಿದವುಗಳ ರಕ್ತ ಮತ್ತೆ ತೆಗೆದರು. ನನಗೆ ಜಾಸ್ತಿ ಚಿಂತೆ ಇದ್ದದ್ದು ಜವಾರಿ ಆಕಳದ್ದು. ಅದೂ ಗಬ್ಬ ಇತ್ತು, ಗಂಗಿಯ ಪಕ್ಕದಲ್ಲೇ ಕಟ್ಟುತ್ತಿದ್ದೆವು. ಹೆಂಚಿನ ಮೇಲೆ ಅದರ ವೃತ್ತ ಈ ಸಲವೂ ನುಣ್ಣಗೆ ಉಳಿಯಿತು. ಎಮ್ಮೆಯದ್ದೂ ಹಾಗೇ. ಜವಾರಿ ಈದ ಮೇಲೆ ಇನ್ನೊಮ್ಮೆ ನೋಡಬೇಕು ಅಂದರು, ಒಳಗೆ ಅಡಗಿದ್ದ ಸೋಂಕು ಕೆಲವೊಮ್ಮೆ ಈದ ಮೇಲೆಯೇ ಕಾಣುತ್ತದಂತೆ. ನೋಡಿಸಿದೆವು, ಆಗಲೂ ಏನೂ ಬರಲಿಲ್ಲ. ಮಣಕದ ರವೆ ಅಷ್ಟರಲ್ಲಿ ಹೋಗಿತ್ತು.

ಎಳೆಗರುಗಳಲ್ಲಿ ಒಂದು ಹೆಣ್ಣು. ಅದಕ್ಕೆ ನಾಲ್ಕು ತಿಂಗಳು ತುಂಬುತ್ತಲೇ ಲಸಿಕೆ ಹಾಕಿಸಿದೆವು. ಹೆಣ್ಣುಗರುಗಳಿಗೆ ಮಾತ್ರ, ನಾಲ್ಕರಿಂದ ಎಂಟು ತಿಂಗಳ ಒಳಗೆ, ಜೀವಮಾನಕ್ಕೆ ಒಂದೇ ಸಲ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ರೋಗದ ಜೊತೆ ಇದೂ ಸೇರಿದೆ, ದುಡ್ಡು ಕೊಡಬೇಕಿಲ್ಲ. ಜೀವಂತ ರೋಗಾಣುವಿನ ಲಸಿಕೆಯಾದ್ದರಿಂದ ಹಾಕುವವರು ಗ್ಲೌಸ್, ಕನ್ನಡಕ ಹಾಕಿಕೊಂಡೇ ಹಾಕಿದರು. ತಾರೀಖನ್ನು ನಾನು ಅಡುಗೆ ಮನೆಯ ಕ್ಯಾಲೆಂಡರಿನಲ್ಲೂ ಬರೆದುಕೊಂಡೆ.

ಗಂಗಿಯ ಜಾಗಕ್ಕೆ ಇನ್ನೊಂದು ಆಕಳು ತರುವ ಮಾತು ಈಗ ನಡೆದಿದೆ. ತೇರದಾಳ ಕಡೆಯ ಒಬ್ಬ ಕಾಕಾ ಅವರದ್ದು, ಎರಡನೇ ಸೂಲಿನ ಗಬ್ಬ. ರಕ್ತ ಪರೀಕ್ಷೆ ಆಗದೆ ಬಯಾನಾ (ಮುಂಗಡ) ಕೊಡುವುದಿಲ್ಲ ಅಂತ ಹೇಳಿದ್ದೆವು. ಮೊದಲು ಅವರಿಗೆ ಬೇಸರವಾಯಿತು. ನಮ್ಮ ಮೈದುನನ ಜ್ವರದ ಕತೆ ಕೇಳಿದ ಮೇಲೆ ತಾವೇ ಡಾಕ್ಟರನ್ನು ಕರೆಸಿ, ತಮ್ಮ ಕೊಟ್ಟಿಗೆಯ ಎಲ್ಲ ಆಕಳ ರಕ್ತವನ್ನೂ ತೆಗೆಸಿದ್ದಾರೆ. ಹೆಂಚಿನ ಮೇಲೆ ಎಲ್ಲ ನುಣ್ಣಗೆ ಬಂದಿವೆ. ಎಲೈಜಾ ವರದಿ ಬಂದ ಮೇಲೆ ಆಕಳು ನಮ್ಮ ಊರಿಗೆ ಬರುತ್ತದೆ. ಬಂದ ಮೇಲೂ ಒಂದು ತಿಂಗಳು ಬೇರೆ ಕಟ್ಟಿ, ಇನ್ನೊಮ್ಮೆ ನೋಡಿಸಿಯೇ ಕೊಟ್ಟಿಗೆಗೆ ಸೇರಿಸುತ್ತೇವೆ. ಅದಕ್ಕಾಗಿ ಹಿತ್ತಲಲ್ಲಿ ತಗಡಿನ ಮಾಡು ಹಾಕಿಸಿ ಆಗಿದೆ.